ಆಸ್ಟ್ರೇಲಿಯಾ ಟ್ರಿಪ್‌ಗೆ ಮುನ್ನ: ಖಾಲಿ ಅಂತ ಕಾಣುವ ಆ ನಕ್ಷೆ ಖಾಲಿಯಲ್ಲ

ಡಿಸೆಂಬರ್ ಚಳಿಯಲ್ಲಿ ಬೆಳಗಿನ ಜಾವ ಎದ್ದು, ಅಪ್ಪನ ಪಕ್ಕ ಕಂಬಳಿ ಹೊದ್ದು ಕೂತು ಕ್ರಿಕೆಟ್ ನೋಡಿದವರು ನೀವಾಗಿದ್ದರೆ ಆಸ್ಟ್ರೇಲಿಯಾದ ಭೂಗೋಳ ನಿಮಗೆ ಸ್ವಲ್ಪ ಆಗಲೇ ಗೊತ್ತಿದೆ. ಮೆಲ್ಬರ್ನ್‌ನಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ಅಂದರೆ ನಮಗೆ ಬೆಳಿಗ್ಗೆ ಐದಕ್ಕೆ ಮೊದಲ ಬಾಲ್. ಪರ್ತ್‌ನಲ್ಲಿ ಮ್ಯಾಚ್ ಇದ್ದರೆ ಹೆಚ್ಚುಕಡಿಮೆ ಎಂಟು ಗಂಟೆ, ಆರಾಮಾಗಿ ತಿಂಡಿ ತಿನ್ನುತ್ತಾ ನೋಡಬಹುದು. 2003ರಲ್ಲಿ ಅಡಿಲೇಡ್‌ನಲ್ಲಿ ನಮ್ಮ ದ್ರಾವಿಡ್ 233 ಹೊಡೆದಾಗ ನಾನು ಪ್ರೈಮರಿ ಸ್ಕೂಲಲ್ಲಿದ್ದೆ. ಒಂದೇ ದೇಶದಲ್ಲಿ ಒಂದೂರಿಗೆ ಒಂದು ಟೈಮ್ ಯಾಕೆ ಅಂತ ಆಗ ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ, ಅವರಿಗೆ ಸ್ಕೋರ್ ಮುಖ್ಯ.

ಈಗ ನಾನೊಬ್ಬ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಪ್ರಾಜೆಕ್ಟ್‌ನ ಅರ್ಧ ಟೀಮ್ ಮೆಲ್ಬರ್ನ್‌ನಲ್ಲಿದೆ. ಅಲ್ಲಿಯವರು ನಡೆಸುವ ದೊಡ್ಡ ಮೀಟಿಂಗ್ ಯಾವುದೇ ಇರಲಿ, ಶುರುವಿನಲ್ಲಿ ಯಾರಾದರೊಬ್ಬರು ಒಂದು ಮಾತು ಹೇಳುತ್ತಾರೆ: ನಾವು ಕೂತಿರುವ ಈ ನೆಲ ವುರುಂಜೆರಿ ಜನರದ್ದು, ಅವರ ಹಿರಿಯರಿಗೆ ನಮ್ಮ ಗೌರವ, ಅನ್ನುವ ಅರ್ಥದ ಮಾತು. ನನಗೆ ಅದು ಇಮೇಲ್ ಕೊನೆಯಲ್ಲಿ ಬರುವ ಡಿಸ್‌ಕ್ಲೇಮರ್ ಥರ ಕೇಳಿಸುತ್ತಿತ್ತು. ಆ ಒಂದು ನಿಮಿಷದಲ್ಲಿ ಮ್ಯೂಟ್ ಮಾಡಿ ಕಾಫಿ ತರೋಕೆ ಹೋಗ್ತಿದ್ದೆ.

ಕಳೆದ ವರ್ಷ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುವುದು ಅಂತಾಯ್ತು. ನಾನು ಎಕ್ಸೆಲ್ ಶೀಟ್ ರೆಡಿ ಮಾಡಿದೆ. ಹತ್ತು ದಿನ: ಸಿಡ್ನಿ, ಮೆಲ್ಬರ್ನ್, ಗ್ರೇಟ್ ಬ್ಯಾರಿಯರ್ ರೀಫ್, ಉಲುರು, ಪರ್ತ್. “ಮಧ್ಯೆ ಹೆಂಗೆ ಹೋಗೋದು?” ಅಂದಳು. “ಕಾರ್ ತಗೊಂಡ್ರಾಯ್ತು, ಮಧ್ಯೆ ಏನಿದೆ, ಎಲ್ಲಾ ಖಾಲಿ ತಾನೇ” ಅಂದೆ. ಅವಳು ಮ್ಯಾಪ್ ತೆಗೆದು ಕಿಲೋಮೀಟರ್ ನೋಡಿ, ಫೋನನ್ನು ನನ್ನ ಮುಂದೆ ಇಟ್ಟಳು.

ಆ ‘ಖಾಲಿ’ ಅನ್ನೋ ಪದದಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಒಂದು ಭೂಗೋಳದ್ದು, ಇನ್ನೊಂದು ಇತಿಹಾಸದ್ದು. ಮೊದಲನೆಯದಕ್ಕೆ ಎಕ್ಸೆಲ್ ಶೀಟ್ ಬದಲಾಯಿಸಿದರೆ ಸಾಕಿತ್ತು. ಎರಡನೆಯದಕ್ಕೆ ಸಾಲಲಿಲ್ಲ.

ಎಷ್ಟು ದೊಡ್ಡದು ಅಂದರೆ...

ಆಸ್ಟ್ರೇಲಿಯಾದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿ.ಮೀ. ಭಾರತದ ಎರಡು ಪಟ್ಟಿಗಿಂತ ಜಾಸ್ತಿ. ಕರ್ನಾಟಕದಂಥ 40 ರಾಜ್ಯಗಳನ್ನು ಅದರೊಳಗೆ ಜೋಡಿಸಬಹುದು. ಜನಸಂಖ್ಯೆ ಮಾತ್ರ ಸುಮಾರು 2.7 ಕೋಟಿ, ಅಂದರೆ ಕರ್ನಾಟಕದ ಅರ್ಧವೂ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದ ಆ್ಯನಾ ಕ್ರೀಕ್ ಅನ್ನೋ ಒಂದೇ ಒಂದು ದನದ ಫಾರ್ಮ್ ಸುಮಾರು 24 ಸಾವಿರ ಚದರ ಕಿ.ಮೀ ಇದೆ. ನಮ್ಮ ಇಡೀ ಕೊಡಗು ಜಿಲ್ಲೆಯ ಐದಾರು ಪಟ್ಟು!

ಸಿಡ್ನಿಯಿಂದ ಪರ್ತ್‌ಗೆ ವಿಮಾನದಲ್ಲಿ ಸುಮಾರು 3,300 ಕಿ.ಮೀ. ಬೆಂಗಳೂರು-ದೆಹಲಿ ದೂರದ ಹತ್ತಿರಹತ್ತಿರ ದುಪ್ಪಟ್ಟು. ‘ಇಂಡಿಯನ್ ಪೆಸಿಫಿಕ್’ ರೈಲಿನಲ್ಲಿ ಹೋದರೆ 4,352 ಕಿ.ಮೀ, ಮೂರು ರಾತ್ರಿ. ದಾರಿಯಲ್ಲಿ ನಲ್ಲಾರ್ಬರ್ ಬಯಲು ಸಿಗುತ್ತದೆ. ಲ್ಯಾಟಿನ್‌ನಲ್ಲಿ ಅದರರ್ಥ ‘ಮರವಿಲ್ಲ’. ಅಲ್ಲಿ ರೈಲು ಹಳಿ 478 ಕಿ.ಮೀ ಒಂದು ತಿರುವೂ ಇಲ್ಲದೆ ಹೋಗುತ್ತದೆ. ಪ್ರಪಂಚದಲ್ಲೇ ಅತಿ ಉದ್ದದ ನೇರ ಹಳಿ ಅದು.

ಟೈಮ್‌ಝೋನ್ ಕೋಡ್ ಬರೆದು ತಲೆ ಕೆಡಿಸಿಕೊಂಡವರಿಗೆ ಇನ್ನೊಂದು ವಿಷಯ. ಚಳಿಗಾಲದಲ್ಲಿ ಅಲ್ಲಿ ಮೂರು ಟೈಮ್‌ಝೋನ್, ಅದರಲ್ಲಿ ಮಧ್ಯದ್ದು ನಮ್ಮ ಥರ ಅರ್ಧ ಗಂಟೆ ಲೆಕ್ಕದ್ದು. ಬೇಸಿಗೆಯಲ್ಲಿ ಸಿಡ್ನಿ, ಮೆಲ್ಬರ್ನ್, ಅಡಿಲೇಡ್, ಹೋಬಾರ್ಟ್‌ನವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಬ್ರಿಸ್ಬೇನ್, ಡಾರ್ವಿನ್, ಪರ್ತ್‌ನವರು ಇಡುವುದಿಲ್ಲ. ಆಗ ಮೂರಿದ್ದದ್ದು ಐದಾಗುತ್ತದೆ. ಅಪ್ಪ ಹೇಳದ ಉತ್ತರ ಇದು.

ಮಧ್ಯೆ ಯಾಕೆ ಜನ ಇಲ್ಲ?

ಇದನ್ನು ನಮ್ಮ ಚಿಕ್ಕಮಗಳೂರು ಜಿಲ್ಲೆ ಇಟ್ಟುಕೊಂಡೇ ಹೇಳಬಹುದು. ಶೃಂಗೇರಿಯಲ್ಲಿ ಸುರಿಯುವ ಮಳೆ ಕಡೂರಿಗೆ ಬರುವಷ್ಟರಲ್ಲಿ ಬತ್ತಿಹೋಗುತ್ತದೆ ಅಲ್ವಾ? ಘಟ್ಟ ಮೋಡವನ್ನು ತಡೆದು ಮಳೆಯನ್ನೆಲ್ಲಾ ತಾನೇ ಇಟ್ಟುಕೊಳ್ಳುತ್ತದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯುದ್ದಕ್ಕೂ ಸುಮಾರು 3,500 ಕಿ.ಮೀ ಹಬ್ಬಿರುವ ಗ್ರೇಟ್ ಡಿವೈಡಿಂಗ್ ರೇಂಜ್ ಅದೇ ಕೆಲಸ ಮಾಡುತ್ತದೆ. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಕರಾವಳಿಯಲ್ಲಿ ಮಳೆ ಸುರಿಸುತ್ತದೆ, ಬೆಟ್ಟ ದಾಟಿ ಪಶ್ಚಿಮಕ್ಕೆ ಹೋದಂತೆ ಒಣಗುತ್ತದೆ. ಸಾಲದ್ದಕ್ಕೆ ದೇಶದ ನಡುಭಾಗ ಇರುವುದು ಗಾಳಿ ಮೇಲಿನಿಂದ ಕೆಳಗಿಳಿದು ಬಿಸಿಯಾಗಿ ಒಣಗುವ ಅಕ್ಷಾಂಶದಲ್ಲಿ. ಸಹಾರಾ ಮರುಭೂಮಿಗೂ ಇದೇ ಕಾರಣ.

ಆ ಬೆಟ್ಟಸಾಲು ಉದ್ದವೇ ಹೊರತು ಎತ್ತರವಲ್ಲ. ಅದರ ಅತಿ ಎತ್ತರದ ಶಿಖರ ಕೊಸಿಯಸ್ಕೊ 2,228 ಮೀಟರ್. ಊಟಿಯ ದೊಡ್ಡಬೆಟ್ಟ ಅದಕ್ಕಿಂತ ಎತ್ತರ! ವರ್ಷವಿಡೀ ನೀರು ಕೊಡುವ ಹಿಮಾಲಯದಂಥದ್ದು ಅಲ್ಲಿ ಇಲ್ಲ, ಹಾಗಾಗಿ ಗಂಗೆಯಂಥ ನದಿಯೂ ಇಲ್ಲ. ಮಧ್ಯದಲ್ಲಿರುವ ಏರ್ ಸರೋವರ ಸಮುದ್ರಮಟ್ಟಕ್ಕಿಂತ 15 ಮೀಟರ್ ಕೆಳಗಿದೆ. ಬಹುತೇಕ ವರ್ಷಗಳಲ್ಲಿ ಅದು ಬರೀ ಉಪ್ಪಿನ ಬಯಲು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಕಡಲಿನಿಂದ 50 ಕಿ.ಮೀ ಒಳಗೇ ವಾಸಿಸುವುದು ಇದರಿಂದಲೇ.

ನೆಲವಂತೂ ಬಲು ಹಳೆಯದು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ ಜಿರ್ಕಾನ್ ಹರಳಿನ ವಯಸ್ಸು ಸುಮಾರು 440 ಕೋಟಿ ವರ್ಷ. ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಕಡ್ಲೆಕಾಯಿ ತಿಂದಿದ್ದೀರಲ್ಲಾ, ಅದಕ್ಕೆ ಸುಮಾರು 300 ಕೋಟಿ. ಭಾರತ, ಆಸ್ಟ್ರೇಲಿಯಾ ಎರಡೂ ಒಂದು ಕಾಲದಲ್ಲಿ ಗೊಂಡ್ವಾನಾ ಎಂಬ ಒಂದೇ ಮಹಾಖಂಡದ ತುಂಡುಗಳು, ಬೇರೆಯಾಗಿ ಸುಮಾರು 13 ಕೋಟಿ ವರ್ಷ ಆಯ್ತು. ಹಾಗೆ ದೂರದಲ್ಲಿ ಒಂಟಿಯಾಗಿ ಉಳಿದಿದ್ದಕ್ಕೇ ಕಾಂಗರೂ, ಕೊವಾಲಾ, ಮೊಟ್ಟೆಯಿಟ್ಟು ಹಾಲೂಡಿಸುವ ಪ್ಲಾಟಿಪಸ್ ಅಲ್ಲಿ ಉಳಿದುಕೊಂಡವು.

ಗಿಡಮರ ಮಾತ್ರ ನಮಗೆ ಹೊಸದಲ್ಲ. ನೀಲಗಿರಿ ಮರ ಅಲ್ಲಿಂದ ಬಂದದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಕೂಡ ಪೂರ್ವ ಆಸ್ಟ್ರೇಲಿಯಾದ್ದೇ. ಅಲ್ಲಿನ ಬೀದಿಯಲ್ಲಿ ಆ ಮರ ನೋಡಿ ನನ್ನ ಹೆಂಡತಿ, “ಅರೆ, ನಮ್ಮ ತೋಟದ ಮರ!” ಅಂದಳು. ಅವಳ ತವರು ಮೂಡಿಗೆರೆ. ನಿಜವಾಗಿ ಅದು ಅವರ ಮರ, ನಾವು ತಂದುಕೊಂಡಿದ್ದು.

ಯಾವಾಗ ಹೋಗಬೇಕು?

ಋತುಗಳು ನಮಗೆ ತಿರುಗುಮುರುಗು ಅನ್ನೋದು ಎಲ್ಲರಿಗೂ ಗೊತ್ತು. ಡಿಸೆಂಬರ್ ಅಲ್ಲಿ ಸುಡು ಬೇಸಿಗೆ, ಜುಲೈ ಚಳಿಗಾಲ. ಆದರೆ ಆ ಲೆಕ್ಕ ದಕ್ಷಿಣದ ಊರುಗಳಿಗೆ. ಉತ್ತರದ ಡಾರ್ವಿನ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್ ಮಳೆಗಾಲ, ರಸ್ತೆಗಳೇ ಮುಳುಗುತ್ತವೆ. ಮೇಯಿಂದ ಅಕ್ಟೋಬರ್ ಒಣಹವೆ. ಮಧ್ಯದ ಉಲುರು ಕಡೆ ಹೋಗುವುದಾದರೂ ಮೇಯಿಂದ ಸೆಪ್ಟೆಂಬರ್ ಒಳ್ಳೆಯದು. ರಾತ್ರಿ ಚೆನ್ನಾಗಿ ಚಳಿ, ಸ್ವೆಟರ್ ಮರೀಬೇಡಿ.

ಡಾರ್ವಿನ್ ಪಕ್ಕದ ಕಾಕಡು ನ್ಯಾಷನಲ್ ಪಾರ್ಕ್‌ನ ಮೂಲನಿವಾಸಿಗಳ ಕ್ಯಾಲೆಂಡರ್‌ನಲ್ಲಿ ಋತು ನಾಲ್ಕಲ್ಲ, ಆರು! ನಮ್ಮ ವಸಂತ, ಗ್ರೀಷ್ಮ, ವರ್ಷ ಋತುಗಳ ಹಾಗೇ ಆರು. ಯಾವ ಗಾಳಿ ಬೀಸಿದಾಗ ಯಾವ ಗಿಡ ಹೂ ಬಿಡುತ್ತದೆ, ಯಾವಾಗ ಹುಲ್ಲಿಗೆ ಬೆಂಕಿ ಕೊಡಬೇಕು ಅನ್ನೋದೆಲ್ಲಾ ಅದರಲ್ಲಿದೆ. ‘ಖಾಲಿ’ ಜಾಗದಲ್ಲಿ ಇಷ್ಟು ನಿಖರ ಕ್ಯಾಲೆಂಡರ್ ಮಾಡಿದವರು ಯಾರು? ಇಲ್ಲಿಂದ ನನ್ನ ಎರಡನೇ ತಪ್ಪಿನ ಕಥೆ.

65 ಸಾವಿರ ವರ್ಷ ಹಳೆಯ ವಿಳಾಸ

‘ಆಸ್ಟ್ರೇಲಿಯಾ ಹೊಸ ದೇಶ, ಇತಿಹಾಸ ಇನ್ನೂರು ಚಿಲ್ಲರೆ ವರ್ಷದ್ದು’ ಅಂತ ನಾನೂ ನಂಬಿದ್ದೆ. ಆದರೆ ಉತ್ತರದ ಮಜೆಡ್‌ಬೆಬೆ ಕಲ್ಲಾಸರೆಯಲ್ಲಿ ಮನುಷ್ಯರು ವಾಸವಿದ್ದ ಕುರುಹು ಸುಮಾರು 65 ಸಾವಿರ ವರ್ಷ ಹಳೆಯದು ಅಂತ 2017ರಲ್ಲಿ ಸಂಶೋಧಕರು ಪ್ರಕಟಿಸಿದರು. ಲೆಕ್ಕದಲ್ಲಿ ಭಿನ್ನಾಭಿಪ್ರಾಯ ಇರುವವರೂ 50 ಸಾವಿರದ ಆಸುಪಾಸು ಒಪ್ಪುತ್ತಾರೆ. ಸಿಡ್ನಿಯಿಂದ ಪಶ್ಚಿಮಕ್ಕೆ ಬಹುದೂರದಲ್ಲಿ ಮಂಗೊ ಅನ್ನೋ ಬತ್ತಿದ ಕೆರೆಯಿದೆ. 1968ರಲ್ಲಿ ಅಲ್ಲಿ ಒಬ್ಬ ಮಹಿಳೆಯ ಅಸ್ಥಿ ಸಿಕ್ಕಿತು. ಸುಮಾರು 40 ಸಾವಿರ ವರ್ಷದ ಹಿಂದೆ ಆಕೆಯನ್ನು ದಹನ ಮಾಡಿದ್ದರು. ಶವ ಸುಟ್ಟು ಸಂಸ್ಕಾರ ಮಾಡಿದ, ನಮಗೆ ಗೊತ್ತಿರುವ ಅತಿ ಹಳೆಯ ಉದಾಹರಣೆಗಳಲ್ಲಿ ಅದೊಂದು. ವಿಕ್ಟೋರಿಯಾದ ಬುಜ್ ಬಿಮ್‌ನಲ್ಲಿ ಹಾವುಮೀನು ಹಿಡಿಯಲು, ಸಾಕಲು ಲಾವಾ ಕಲ್ಲಿನಲ್ಲಿ ಕಟ್ಟಿದ ಕಾಲುವೆಗಳಿವೆ. ಆರು ಸಾವಿರ ವರ್ಷಕ್ಕೂ ಹಳೆಯವು. 2019ರಲ್ಲಿ ಅದು ವಿಶ್ವ ಪರಂಪರೆ ತಾಣವಾಯ್ತು.

ಬ್ರಿಟಿಷರು ಬರುವ ಹೊತ್ತಿಗೆ ಈ ನೆಲದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದೊಂದು ಜನಕ್ಕೂ ತನ್ನ ಗಡಿ, ತನ್ನ ಕಥೆ, ತನ್ನ ನೀರಿನ ಜಾಗ. ನಾನು ಮೀಟಿಂಗಲ್ಲಿ ಕೇಳುತ್ತಿದ್ದ ‘ವುರುಂಜೆರಿ’ ಅನ್ನೋದು ಮೆಲ್ಬರ್ನ್ ಇರುವ ಜಾಗದ ಜನರ ಹೆಸರು. ಸಿಡ್ನಿಯ ನಡುಭಾಗ ಗಾಡಿಗಲ್ ಜನರದ್ದು.

ಜನವರಿ 26, 1788

ಡಚ್ ನಾವಿಕರು 1606ರಲ್ಲೇ ಉತ್ತರ ತೀರ ಮುಟ್ಟಿದ್ದರು. ಈಗಿನ ಇಂಡೋನೇಷ್ಯಾದ ಮಕಾಸ್ಸರ್ ಕಡೆಯ ದೋಣಿಗಳು ಕಡಲಸೌತೆ ಹಿಡಿಯಲು ಬಂದು, ಅಲ್ಲಿನವರ ಜೊತೆ ವ್ಯಾಪಾರ ಮಾಡಿ ಹೋಗುತ್ತಿದ್ದವು. 1770ರಲ್ಲಿ ಜೇಮ್ಸ್ ಕುಕ್ ಪೂರ್ವ ಕರಾವಳಿಯುದ್ದ ಸಾಗಿ, ಅದು ಬ್ರಿಟಿಷ್ ರಾಜನದ್ದು ಅಂತ ಘೋಷಿಸಿದ. ಅಮೆರಿಕ ಸ್ವತಂತ್ರವಾದ ಮೇಲೆ ಬ್ರಿಟನ್ನಿಗೆ ತನ್ನ ಕೈದಿಗಳನ್ನು ಸಾಗಹಾಕಲು ಬೇರೆ ಜಾಗ ಬೇಕಾಗಿತ್ತು. 1788ರ ಜನವರಿ 26ರಂದು 11 ಹಡಗುಗಳ ತಂಡ ಸಿಡ್ನಿಯಲ್ಲಿ ಬಾವುಟ ನೆಟ್ಟಿತು. 1868ರ ತನಕ ಸುಮಾರು 1,62,000 ಕೈದಿಗಳು ಬಂದರು. ಎಷ್ಟೋ ಜನ ಸಣ್ಣಪುಟ್ಟ ಕಳ್ಳತನಕ್ಕೆ ಶಿಕ್ಷೆ ಪಡೆದ ಬಡವರು.

ಜನವರಿ 26 ನಮಗೆ ಗಣರಾಜ್ಯೋತ್ಸವ. ಅವರಿಗೆ ‘ಆಸ್ಟ್ರೇಲಿಯಾ ಡೇ’. ಆದರೆ ಅನೇಕ ಮೂಲನಿವಾಸಿಗಳು ಅದನ್ನು ಆಕ್ರಮಣದ ದಿನ ಅನ್ನುತ್ತಾರೆ. ಬಾವುಟ ನೆಟ್ಟ ಮರುವರ್ಷವೇ ಸಿಡುಬು ಹಬ್ಬಿ ಸಿಡ್ನಿ ಸುತ್ತಲಿನ ಅವರ ಜನ ದೊಡ್ಡ ಸಂಖ್ಯೆಯಲ್ಲಿ ಸತ್ತರು. ನಂತರ ಜಮೀನಿಗಾಗಿ ಕೊಲೆಗಳಾದವು.

ಇಲ್ಲಿ ಮೈಸೂರು ಸೀಮೆಗೂ ಒಂದು ಎಳೆ ಇದೆ. ಸಿಡ್ನಿಯಲ್ಲಿ ಓಪೆರಾ ಹೌಸ್ ಜೊತೆ ಫೋಟೋ ತೆಗೆಸಿಕೊಳ್ಳಲು ಎಲ್ಲರೂ ‘ಮಿಸೆಸ್ ಮೆಕ್ವಾರಿಸ್ ಚೇರ್’ ಅನ್ನೋ ಕಲ್ಲುಬೆಂಚಿನ ಕಡೆ ಹೋಗುತ್ತಾರೆ. ಆಕೆಯ ಗಂಡ ಲ್ಯಾಕ್ಲನ್ ಮೆಕ್ವಾರಿ 1810ರಿಂದ 1821ರವರೆಗೆ ಅಲ್ಲಿನ ಗವರ್ನರ್. ಅದಕ್ಕೂ ಮುಂಚೆ ಬ್ರಿಟಿಷ್ ಸೈನ್ಯದಲ್ಲಿದ್ದ ಆತ 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟಿಪ್ಪುವಿನ ವಿರುದ್ಧ ಇದ್ದವನು! ಸಿಡ್ನಿಯಲ್ಲಿ ಆತ ಬಿಡುಗಡೆಯಾದ ಕೈದಿಗಳಿಗೆ ಕೆಲಸ, ಮರ್ಯಾದೆ ಕೊಟ್ಟ. ನಕಲಿ ದಾಖಲೆ ಕೇಸಿನ ಕೈದಿ ಫ್ರಾನ್ಸಿಸ್ ಗ್ರೀನ್‌ವೇಯಿಂದ ಊರಿನ ಚೆಂದದ ಕಟ್ಟಡಗಳನ್ನು ಕಟ್ಟಿಸಿದ. ಅದೇ ಮೆಕ್ವಾರಿ ಕಳಿಸಿದ ಸೈನಿಕರು 1816ರ ಏಪ್ರಿಲ್‌ನಲ್ಲಿ ಆ್ಯಪಿನ್ ಎಂಬಲ್ಲಿ ಹೆಂಗಸರು ಮಕ್ಕಳು ಸೇರಿ ಕನಿಷ್ಠ 14 ಮೂಲನಿವಾಸಿಗಳನ್ನು ಕೊಂದರು. ಎರಡೂ ಒಬ್ಬನದೇ ಚರಿತ್ರೆ.

ಚಿನ್ನ, ಕ್ರಿಕೆಟ್, ಕಾನೂನು

1851ರಲ್ಲಿ ಚಿನ್ನ ಸಿಕ್ಕಿತು. ವಿಕ್ಟೋರಿಯಾದ ಜನಸಂಖ್ಯೆ ಹತ್ತೇ ವರ್ಷದಲ್ಲಿ ಸುಮಾರು ಏಳು ಪಟ್ಟಾಯಿತು. ಮೆಲ್ಬರ್ನ್‌ನ ಹಳೆಯ ಭವ್ಯ ಕಟ್ಟಡಗಳ ಹಿಂದೆ ಇರುವುದು ಆ ದುಡ್ಡು.

ಇಂಗ್ಲೆಂಡ್ ಪ್ರವಾಸ ಮಾಡಿದ ಮೊದಲ ಆಸ್ಟ್ರೇಲಿಯನ್ ಕ್ರಿಕೆಟ್ ತಂಡ ಯಾವುದು ಗೊತ್ತಾ? 1868ರ ಮೂಲನಿವಾಸಿಗಳ ತಂಡ. 47 ಪಂದ್ಯ ಆಡಿ 14 ಗೆದ್ದರು, 14 ಸೋತರು, ಉಳಿದವು ಡ್ರಾ. ಆ ತಂಡದ ಸ್ಟಾರ್ ಜಾನಿ ಮುಲ್ಲಾ. 2020ರ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ ನಮ್ಮ ರಹಾನೆ ಸೆಂಚುರಿ ಹೊಡೆದು ಪಂದ್ಯ ಗೆಲ್ಲಿಸಿ, ಕೊರಳಿಗೆ ಹಾಕಿಸಿಕೊಂಡ ಪದಕ ಇದೇ ಮುಲ್ಲಾ ಹೆಸರಿನದ್ದು. ಅದನ್ನು ಗೆದ್ದ ಮೊದಲಿಗ ರಹಾನೆ. ಆ ಮ್ಯಾಚ್ ಪೂರ್ತಿ ನೋಡಿದ ನನಗೆ ಪದಕದ ಹೆಸರು ಕಿವಿಗೇ ಬಿದ್ದಿರಲಿಲ್ಲ.

1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾಯಿತು. ರಾಜಧಾನಿ ಸಿಡ್ನಿಗೋ ಮೆಲ್ಬರ್ನ್‌ಗೋ ಅನ್ನೋ ಜಗಳಕ್ಕೆ ಪರಿಹಾರವಾಗಿ ಕ್ಯಾನ್‌ಬೆರಾ ಹುಟ್ಟಿತು. ಅದೇ ವರ್ಷ ಬಿಳಿಯರಲ್ಲದವರನ್ನು ಹೊರಗಿಡುವ ವಲಸೆ ಕಾನೂನೂ ಬಂತು. ಬಂದಿಳಿದವರಿಗೆ ಅಧಿಕಾರಿ ಯಾವುದಾದರೂ ಯುರೋಪಿನ ಭಾಷೆಯಲ್ಲಿ ಡಿಕ್ಟೇಷನ್ ಕೊಡಬಹುದಿತ್ತು, ಬರೆಯಲಾಗದಿದ್ದರೆ ವಾಪಸ್. ‘ವೈಟ್ ಆಸ್ಟ್ರೇಲಿಯಾ’ ನೀತಿ ಪೂರ್ತಿ ಹೋಗಿದ್ದು 1973ರಲ್ಲಿ. 2021ರ ಜನಗಣತಿಯ ಪ್ರಕಾರ ಹೊರದೇಶದಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡ್ ಬಿಟ್ಟರೆ ಭಾರತದವರೇ ಹೆಚ್ಚು. ನಮ್ಮ ಫ್ರೆಂಡ್ಸ್ ಅಲ್ಲಿ ಪಿಆರ್ ತಗೊಂಡು ರಾಜ್ಯೋತ್ಸವ ಮಾಡುತ್ತಿರುವುದು ಆ ಬಾಗಿಲು ತೆರೆದದ್ದರಿಂದ.

ಮೂಲನಿವಾಸಿಗಳ ಕಥೆ ಇನ್ನೂ ನಿಧಾನ. ಸರ್ಕಾರ ಅವರ ಮಕ್ಕಳನ್ನು ಹೆತ್ತವರಿಂದ ಕಿತ್ತು ಬೇರೆಡೆ ಬೆಳೆಸಿತು. 20ನೇ ಶತಮಾನದ ಬಹುಕಾಲ ಇದು ನಡೆಯಿತು. 1967ರ ಜನಮತದಲ್ಲಿ 90 ಶೇಕಡಾಕ್ಕಿಂತ ಹೆಚ್ಚು ಜನ ‘ಹೌದು’ ಅಂದ ಮೇಲೆ, ಅವರನ್ನು ಜನಗಣತಿಯ ಲೆಕ್ಕದಿಂದ ಹೊರಗಿಡುತ್ತಿದ್ದ ಸಂವಿಧಾನದ ವಿಧಿ ತೆಗೆದುಹಾಕಲಾಯಿತು. ಮಕ್ಕಳನ್ನು ಕಿತ್ತುಕೊಂಡದ್ದಕ್ಕೆ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ.

ನನ್ನನ್ನು ತಟ್ಟಿದ ಹೆಸರು ಎಡ್ಡಿ ಮಾಬೊ. ಟಾರಸ್ ಜಲಸಂಧಿಯ ಮೆರ್ ಅನ್ನೋ ಪುಟ್ಟ ದ್ವೀಪದವರು. ಟೌನ್ಸ್‌ವಿಲ್‌ನ ಯೂನಿವರ್ಸಿಟಿಯಲ್ಲಿ ತೋಟದ ಮಾಲಿ. ಊರಿನ ತಮ್ಮ ಜಮೀನಿನ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಿದ್ದ ಅವರಿಗೆ, ಕಾನೂನಿನ ಪ್ರಕಾರ ಅದು ಅವರದ್ದಲ್ಲ ಅಂತ ಅಲ್ಲಿನ ಇತಿಹಾಸಕಾರರು ಒಂದು ದಿನ ಹೇಳಬೇಕಾಯಿತು. ಬ್ರಿಟಿಷರು ಬಂದಾಗ ಅದು ‘ಯಾರದ್ದೂ ಅಲ್ಲದ ನೆಲ’ ಆಗಿತ್ತು ಅನ್ನೋದೇ ಆವತ್ತಿನ ತನಕದ ಕಾನೂನಿನ ತಳಹದಿ. ಮಾಬೊ ಮತ್ತು ದ್ವೀಪದ ಇತರರು 1982ರಲ್ಲಿ ಕೇಸ್ ಹಾಕಿದರು. 1992ರ ಜೂನ್ 3ರಂದು ದೇಶದ ಅತ್ಯುನ್ನತ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ನೆಲ ಅಲ್ಲಿನ ಜನರದ್ದೇ ಅಂದಿತು. ತೀರ್ಪು ಕೇಳಲು ಮಾಬೊ ಇರಲಿಲ್ಲ. ಐದು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರು.

‘ಯಾರದ್ದೂ ಅಲ್ಲದ ನೆಲ’ ಅಂತ ಓದಿದಾಗ ನನಗೆ ನನ್ನದೇ ಮಾತು ನೆನಪಾಯ್ತು: “ಎಲ್ಲಾ ಖಾಲಿ ತಾನೇ.”

ಉಲುರು ಮುಂದೆ

ಕೊನೆಗೆ ನಾವು ಪರ್ತ್ ಬಿಟ್ಟೆವು, ರೀಫ್ ಕೂಡ ಬಿಟ್ಟೆವು. ಮೆಲ್ಬರ್ನ್, ಸಿಡ್ನಿ ಮುಗಿಸಿ ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಉಲುರುವಿಗೆ ಕಾರು. ಸುಮಾರು 450 ಕಿ.ಮೀ. ಇನ್ನೂರು ಕಿ.ಮೀ ಆದ ಮೇಲೆ ಎರ್ಲ್‌ಡಂಡಾದಲ್ಲಿ ಪೆಟ್ರೋಲ್ ಬಂಕ್. ಕೆಂಪು ಮಣ್ಣು, ನೆಟ್ಟ ರಸ್ತೆ, ಫೋನಿನಲ್ಲಿ ಸಿಗ್ನಲ್ ಸೊನ್ನೆ. ದೂರದಲ್ಲಿ ಚಪ್ಪಟೆ ತಲೆಯ ದೊಡ್ಡ ಬೆಟ್ಟ ಕಂಡಿತು. ಕಾರು ನಿಲ್ಲಿಸಿ ಮೂವತ್ತು ಫೋಟೋ ತೆಗೆದೆವು. ಸಿಗ್ನಲ್ ಬಂದ ಕೂಡಲೇ ಫ್ಯಾಮಿಲಿ ಗ್ರೂಪಿಗೆ ಹಾಕಿದೆ: “ಉಲುರು!” ಆಮೇಲೆ ಗೊತ್ತಾಯ್ತು, ಅದು ಮೌಂಟ್ ಕಾನರ್. ನನ್ನಂಥವರು ಸುಮಾರು ಜನ ಮೋಸಹೋಗ್ತಾರಂತೆ. ಅಮ್ಮ ಇನ್ನೂ ಆ ಫೋಟೋನೇ ಡಿಪಿ ಇಟ್ಕೊಂಡಿದ್ದಾರೆ.

ನಿಜವಾದ ಉಲುರು 348 ಮೀಟರ್ ಎತ್ತರದ ಒಂಟಿ ಬಂಡೆ. ಸುತ್ತು ಹಾಕಲು ಹತ್ತು ಕಿ.ಮೀ ನಡೆಯಬೇಕು. 1985ರ ಅಕ್ಟೋಬರ್ 26ರಂದು ಸರ್ಕಾರ ಅದನ್ನು ಅಲ್ಲಿನ ಅನಂಗು ಜನರಿಗೆ ಮರಳಿ ಒಪ್ಪಿಸಿತು. ಹತ್ತಬೇಡಿ ಅಂತ ಅವರು ವರ್ಷಗಟ್ಟಲೆ ಕೇಳಿಕೊಂಡರೂ ಪ್ರವಾಸಿಗರು ಹತ್ತುತ್ತಲೇ ಇದ್ದರು. 2019ರ ಅದೇ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ನಿಷೇಧ. ನನ್ನ ಮೊದಲ ಎಕ್ಸೆಲ್‌ನಲ್ಲಿ ‘ಉಲುರು ಟ್ರೆಕ್, 3 ಗಂಟೆ’ ಅಂತ ಒಂದು ಸಾಲಿತ್ತು, ಹೇಳೋಕೆ ನಾಚಿಕೆ.

ಬಂಡೆ ಸುತ್ತುವಾಗ ಕೆಲವು ಕಡೆ ಫಲಕ ಇದೆ: ಇದು ಪವಿತ್ರ ಜಾಗ, ದಯವಿಟ್ಟು ಫೋಟೋ ತೆಗೆಯಬೇಡಿ. ನನ್ನ ಕೈಯಲ್ಲಿ ಫೋನ್ ಆಗಲೇ ಎತ್ತಿತ್ತು. ಸುತ್ತ ಯಾರೂ ಇರಲಿಲ್ಲ. ನಮ್ಮೂರ ಗರ್ಭಗುಡಿಯ ಮುಂದೆ ಯಾರಾದರೂ ಮೊಬೈಲ್ ಎತ್ತಿದರೆ ಅಜ್ಜಿ ಹೇಗೆ ನೋಡುತ್ತಿದ್ದರು ಅಂತ ನೆನಪಾಯ್ತು. ಫೋನ್ ಜೇಬಿಗೆ ಹಾಕಿದೆ. ಅಲ್ಲಿ ಏನು ಕಂಡಿತು ಅಂತ ನಿಮಗೆ ತೋರಿಸಲು ನನ್ನ ಹತ್ರ ಏನೂ ಇಲ್ಲ. ಹೋಗಿ ನೋಡಿ.

ಹೋಗುವವರಿಗೆ ನಾಲ್ಕು ಮಾತು

- ಹತ್ತು ದಿನ ಇದ್ದರೆ ಎರಡು ಅಥವಾ ಮೂರು ಜಾಗ ಸಾಕು. ಊರಿಂದೂರಿಗೆ ವಿಮಾನ, ಸುತ್ತಾಡಲು ಮಾತ್ರ ಕಾರು.
- ಊರಾಚೆ ಕತ್ತಲಾದ ಮೇಲೆ ಡ್ರೈವ್ ಮಾಡಬೇಡಿ. ಕಾಂಗರೂಗಳು ಓಡಾಡುವ ಹೊತ್ತು ಅದು.
- ಆಫ್‌ಲೈನ್ ಮ್ಯಾಪ್, ಸಾಕಷ್ಟು ನೀರು ಇರಲಿ. ಬಂಕ್ ಸಿಕ್ಕಲ್ಲೆಲ್ಲಾ ಟ್ಯಾಂಕ್ ತುಂಬಿಸಿ.
- ನೀವು ಇಳಿಯುವ ಊರು ಯಾವ ಜನರ ನೆಲ ಅಂತ ಹೋಗುವ ಮುಂಚೆ ಹುಡುಕಿ ನೋಡಿ. ಎರಡು ನಿಮಿಷದ ಕೆಲಸ.

ವಾಪಸ್ ಬಂದ ಸೋಮವಾರ ಮೆಲ್ಬರ್ನ್ ಟೀಮ್ ಜೊತೆ ಮೀಟಿಂಗ್ ಇತ್ತು. ಯಥಾಪ್ರಕಾರ ಒಬ್ಬರು ಶುರು ಮಾಡಿದರು, ಈ ನೆಲ ವುರುಂಜೆರಿ ಜನರದ್ದು ಅಂತ. ಈ ಸಲ ನಾನು ಎದ್ದು ಹೋಗಲಿಲ್ಲ. ಕಾಫಿ ಮೊದಲೇ ತಂದಿಟ್ಟುಕೊಂಡಿದ್ದೆ.